ಮುದ್ರೆಯ ಸುತ್ತು

ಮೂವತ್ತೊಂದು ವರ್ಷ ಈ ಊರಿನ ತೂಕವನ್ನು
ನಾನು ಬಲಗೈಯಲ್ಲಿ ಹೊತ್ತಿದ್ದೇನೆ.
ಮರದ ಪೆಟ್ಟಿಗೆ, ಒಳಗೆ ಕೆಂಪು ಮಕಮಲ್ಲು,
ಅದರ ಮೇಲೆ ಹಿತ್ತಾಳೆ ಬಟ್ಟುಗಳು,
ಐದು ಕಿಲೋದಿಂದ ಒಂದು ಗ್ರಾಮಿನ ತನಕ
ದೊಡ್ಡಕ್ಕನಿಂದ ಕೊನೇ ಕೂಸಿನವರೆಗೆ ಒಂದೇ ಚಾಪೆಯಲ್ಲಿ ಮಲಗಿದ ಹಾಗೆ.
ಸಾಹೇಬರು ಮುಂದೆ, ಕೊಡೆ ಹಿಡಿದು. ನಾನು ಹಿಂದೆ.
ಹೆಸರು ದ್ಯಾವಯ್ಯ. ಹುದ್ದೆ ಖಲಾಸಿ.
ತೂಕ ಮತ್ತು ಅಳತೆ ಇಲಾಖೆ, ಚಿಕ್ಕಮಗಳೂರು.

ಕಚೇರಿ ಇದ್ದದ್ದು ದೊರೆಗಳ ಕುದುರೆ ಲಾಯದಲ್ಲಿ.
ಕಾಫಿ ಸೀಮೆಗೆಲ್ಲ ಈ ಊರೇ ಗದ್ದುಗೆಯಾಗಿದ್ದಾಗ
ಇಲ್ಲಿ ಕಟ್ಟಿದ್ದ ಕುದುರೆಗಳ ಹೆಸರು
ಆಷಾಢದಲ್ಲಿ ಸುಣ್ಣದಡಿಯಿಂದ ಮೇಲೆ ಬರುತ್ತಿದ್ದವು.
ನನಗೆ ಇಂಗ್ಲಿಷು ಓದಲು ಬಾರದು,
ಕಾಲಿನಷ್ಟು ಉದ್ದದ ಅಕ್ಷರ ಎಂದಷ್ಟೇ ಗೊತ್ತು.
ಕಿರೀಟದ ಗುರುತಿನ ಇಪ್ಪತ್ತೆಂಟು ಪೌಂಡಿನ ಬಟ್ಟೊಂದಿತ್ತು.
ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ
ಅದನ್ನು ಅಡ್ಡ ಇಡುತ್ತಿದ್ದೆವು.

ಕಬ್ಬಿಣದ ಬಟ್ಟಿನ ಬೆನ್ನಲ್ಲೊಂದು ಗುಳಿ, ಗುಳಿಯಲ್ಲಿ ಸೀಸ.
ತೂಕ ಸರಿಯಿದ್ದರೆ ಸಾಹೇಬರು ತಲೆಯಾಡಿಸುವರು.
ಅಚ್ಚು ಇಟ್ಟು ಒಂದೇ ಏಟು.
ಆ ವರ್ಷದ ಅಕ್ಷರ ಸೀಸದಲ್ಲಿ ಕೂರಬೇಕು.

ಮಾರ್ಕೆಟ್ ರಸ್ತೆಯಲ್ಲಿ ಮೊದಲು ಇದಿನಬ್ಬನ ಮಂಡಿ.
ಏಲಕ್ಕಿಯನ್ನು ಅಂಗೈಯಲ್ಲೆತ್ತಿ ‘ಇನ್ನೂರ ಹತ್ತು’ ಅನ್ನುತ್ತಿದ್ದ,
ತಕ್ಕಡಿ ನಾಚಿಕೊಂಡು ಇನ್ನೂರ ಹತ್ತಕ್ಕೇ ನಿಲ್ಲುತ್ತಿತ್ತು.
ಅವನ ಲೆಕ್ಕ ಬ್ಯಾರಿಯಲ್ಲಿ, ಬೈಗುಳ ತುಳುವಿನಲ್ಲಿ,
ಉದ್ರಿ ಕೇಳಿದವರಿಗೆ ಮಾತ್ರ ಶುದ್ಧ ಕನ್ನಡ.

ಬೂರಮಲ್ಲ ಸೇಠರ ಗಾಜಿನ ಪೆಟ್ಟಿಗೆಯಲ್ಲಿ
ಒಂದು ಸೀಸೆ ಗುಲಗಂಜಿ.
‘ಕಾಯ್ದೆಯಲ್ಲಿ ಗುಲಗಂಜಿ ಇಲ್ಲ’ ಎಂದರು ಸಾಹೇಬರು.
‘ಪೂಜೆಗೆ ಇಟ್ಟದ್ದು’ ಎಂದರು ಸೇಠರು.
ಇಬ್ಬರೂ ಅರಿಶಿನ ಕುಂಕುಮ ಹುಡುಕಿದಂತೆ
ಆ ಸೀಸೆಯನ್ನೇ ನೋಡುತ್ತ ನಿಂತರು.

ಉಪ್ಪಳ್ಳಿಯ ಮುತ್ತಾಯಿ ಮಲ್ಲಿಗೆ ಮಾರುವುದು ಮೊಳದ ಲೆಕ್ಕ.
ಯಾರ ಮೊಳ?
ಕಂಗಾಣಿಯ ಹಿಂದೆ ಸೇಲಂನಿಂದ ನಡೆದು ಬಂದ ಅಜ್ಜಿಯ ಮೊಮ್ಮಗಳು
ತೋಳು ಚಾಚಿ ತಮಿಳಿನಲ್ಲಿ ಹೇಳಿದಳು,
‘ಹೊಡಿ ಮುದ್ರೆ, ಇಲ್ಲೇ ಹೊಡಿ.’
ಬೀದಿಗೆ ಬೀದಿಯೇ ನಕ್ಕಿತು.
ಸಾಹೇಬರು ಎರಡು ಮೊಳ ಕೊಂಡರು,
ಮನೆಯಲ್ಲಿ ಅಳೆದು ನೋಡಿದರೋ ಏನೋ.

ಎಪಿಫಾನಿಯಾ ಲೋಬೊ ಬಾಯಿಯ ಬೇಕರಿಯಲ್ಲಿ
ಹಿಟ್ಟಿನ ಡಬ್ಬದ ಹಿಂದೆ ಪೌಂಡಿನ ಬಟ್ಟು ಸಿಕ್ಕಿತು.
ಪೌಂಡು ರದ್ದಾಗಿ ಇಪ್ಪತ್ತು ವರ್ಷ. ಜಪ್ತಿ ಎಂದರು.
ಬಾಯಿ ಕೊಂಕಣಿಯಲ್ಲಿ ಒಂದು ಸಣ್ಣ ಮಾತಾಡಿ
ಏಪ್ರನ್ನಿಗೆ ಕೈ ಒರೆಸಿಕೊಂಡಳು.
ಅವಳಪ್ಪ ಕ್ಲಬ್ಬಿನ ದೊರೆಗಳಿಗೆ ಬ್ರೆಡ್ಡು ಸುಟ್ಟ ಬಟ್ಟು ಅದು.
ಸಂಜೆ ಅದು ನನ್ನ ಬುತ್ತಿಯ ಚೀಲದಲ್ಲಿತ್ತು,
ಮರುದಿನ ಅವಳ ಹಿಟ್ಟಿನ ಡಬ್ಬದ ಹಿಂದೆ.
ಈ ತಪ್ಪನ್ನು ಇಂದಿನವರೆಗೆ ಯಾರಿಗೂ ಹೇಳಿಲ್ಲ.

ಷರೀಫ್ ಗಲ್ಲಿಯ ಖಲಂದರ್ ಸಾಬಿಯ ಗುಜರಿಗೆ ಹೋದ ದಿನ
ಅದೇ ಕ್ಲಬ್ಬಿನ ಲೆಕ್ಕದ ಪುಸ್ತಕಗಳು ಬಂದಿದ್ದವು.
ದಪ್ಪ ರಟ್ಟು, ಬಂಗಾರದ ಅಂಚು, ಗೆದ್ದಲ ದಾರಿ.
ಯಾರು ಎಷ್ಟು ಕುಡಿದರು, ಯಾರ ಬಿಲ್ಲು ಬಾಕಿ,
ಯಾರ ನಾಯಿ ಯಾವ ಬಟ್ಲರನನ್ನು ಕಚ್ಚಿತು,
ಸಾಬಿಯ ಮಗ ಓದಿ ಓದಿ ಹೇಳಿದ.
‘ತೂಗಿ’ ಎಂದರು ಸಾಹೇಬರು.
ಮೂವತ್ತೆಂಟು ಕಿಲೋ ನಾನೂರು ಗ್ರಾಮು.
ನಮ್ಮ ಬಟ್ಟಿನಲ್ಲೇ ತೂಗಿದೆವು, ಹೆಚ್ಚಿಲ್ಲ ಕಮ್ಮಿಯಿಲ್ಲ.
ಆಮೇಲೆ ಒಂದು ತಿಂಗಳು
ಊರಿನ ಕಡಲೆಕಾಯಿಯೆಲ್ಲ ಆ ಹಾಳೆಗಳಲ್ಲೇ ಸುತ್ತಿ ಬಂತು,
ಮಲ್ಲಿಗೆಯೂ, ಏಲಕ್ಕಿಯೂ,
ಬಾಯಿಯ ಬನ್ನೂ.

ಈಗ ತಕ್ಕಡಿಗೆ ಕೆಂಪು ಅಂಕಿ ಬಂದಿದೆ,
ಮುದ್ರೆ ಬದಲು ಚೀಟಿ ಅಂಟಿಸುತ್ತಾರೆ.
ನಾನು ನಿವೃತ್ತ. ಬಲಭುಜ ಎಡಕ್ಕಿಂತ ಒಂದು ಬೆರಳು ಕೆಳಗಿದೆ.
ಬಸವನಹಳ್ಳಿಯ ನಾಮದೇವ ಪಿಸೆ, ಮನೆಯಲ್ಲಿ ಮರಾಠಿ ಆಡುವ ಟೈಲರು,
ಟೇಪು ಹಿಡಿದಾಗ ಎರಡು ಭುಜವನ್ನೂ ಬೇರೆಬೇರೆ ಬರೆದುಕೊಳ್ಳುತ್ತಾನೆ.
ಯಾಕೆಂದು ಕೇಳಿದವನಲ್ಲ.
ಅವನು ಹೊಲಿದ ಅಂಗಿ ತೊಟ್ಟು ಪೇಟೆಗೆ ಹೋದರೆ
ನಾನು ನೆಟ್ಟಗೆ ನಡೆಯುತ್ತಿದ್ದೇನೆಂದೇ
ಎಲ್ಲರೂ ತಿಳಿಯುತ್ತಾರೆ.